ಮುಸುರೆ ಕೈ

ಪುಣೆಯಿಂದ ಬಂದು ಹೊಸದಾಗಿ ಸೇರಿದ ಇಂಜಿನಿಯರೊಬ್ಬ ಮೊನ್ನೆ ಮೀಟಿಂಗಿನಲ್ಲಿ ಕೈಯೆತ್ತಿ, ‘ಮುಸುರೆ’ಯ ನಿಜವಾದ ಫುಲ್ ಫಾರ್ಮ್ ಏನು ಮೇಡಂ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅವನ ತಪ್ಪಿಲ್ಲ. ಹೂಡಿಯ ನಮ್ಮ ಆಫೀಸಿನಲ್ಲಿ ಒಡಿಶಾದವರು, ಕೇರಳದವರು, ಹೈದರಾಬಾದಿನವರು ಎಲ್ಲರೂ ದಿನಕ್ಕೊಮ್ಮೆಯಾದರೂ “ದಿಸ್ ಟೆಸ್ಟ್ ಈಸ್ ಮುಸುರೆ” ಅನ್ನುತ್ತಾರೆ. ವಿಮಾನದ ಕೆಲಸವೆಲ್ಲ ಇಂಗ್ಲಿಷ್ ಪದಗಳ ಮೊದಲಕ್ಷರಗಳಲ್ಲೇ ನಡೆಯುವುದರಿಂದ ಇದೂ ಹಾಗೇ ಇರಬೇಕೆಂದು ಯಾರೋ ಪುಣ್ಯಾತ್ಮರು ಒಂದೊಂದು ಅಕ್ಷರಕ್ಕೂ ಒಂದೊಂದು ಪದ ಹೊಂದಿಸಿ ತರಬೇತಿಯ ಸ್ಲೈಡಿನಲ್ಲಿ ಹಾಕಿಬಿಟ್ಟಿದ್ದಾರೆ. ಹೊಂದಿಕೆ ಚೆನ್ನಾಗಿಯೇ ಇದೆ. ಹುಡುಗನಿಗೆ ಮಾತ್ರ ಅನುಮಾನ ಬಂದಿತ್ತು.

“ಅದು ಕನ್ನಡ ಪದ. ಅನ್ನ ಮುಟ್ಟಿದ ಕೈ, ಉಂಡು ಬಿಟ್ಟ ತಟ್ಟೆ, ತೊಳೆಯದ ಪಾತ್ರೆ, ಇದೆಲ್ಲ ಮುಸುರೆ,” ಎಂದೆ. ಬರೆದುಕೊಂಡ. ಪಾತ್ರೆಗೂ ವಿಮಾನಕ್ಕೂ ಏನು ಸಂಬಂಧವೆಂದು ಅವನ ಮುಖದಲ್ಲಿ ಕಾಣುತ್ತಿತ್ತು. ಆ ಪದವನ್ನು ನಮ್ಮ ಆಫೀಸಿಗೆ ತಂದವರು ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಅವರ ವಿಷಯ ಹೇಳಬಹುದಿತ್ತು. ಹೇಳಲು ಹೊರಟರೆ ಕಥೆಯ ಕೊನೆಯಲ್ಲಿ ನಾನು ಬರುತ್ತೇನೆ. ಹಾಗಾಗಿ ಮುಂದಿನ ಸ್ಲೈಡಿಗೆ ಹೋದೆ.

ಇಲ್ಲಿಯೂ ಅವರ ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಿಯೂ ಬೇಡವೆಂದು ಅವರೇ ಹೇಳಿದ್ದರು. ಮೇಡಂ ಅಂದರೆ ಸಾಕು, ನಾವೆಲ್ಲ ಹಾಗೇ ಕರೆಯುತ್ತಿದ್ದೆವು.

ಇಸ್ತ್ರಿ ಮಾಡಿದ ಕಾಟನ್ ಸೀರೆ, ಭುಜದ ಮೇಲೊಂದು ಪಿನ್ನು, ಕಾಲಿಗೆ ಮಾತ್ರ ಕಬ್ಬಿಣದ ಮೂತಿಯ ದಪ್ಪ ಸೇಫ್ಟಿ ಶೂ. ಮೊದಲ ದಿನ ನೋಡಿದಾಗ ನನಗೆ ನಗು ಬಂದಿತ್ತು. ಆ ಶೂ ಹಾಕದೆ ನೆಲಮಹಡಿಯ ಹಾಲಿಗೆ ಬಿಡುತ್ತಿರಲಿಲ್ಲ. ಅಲ್ಲಿ ವಿಮಾನದ ಒಳಗಿನ ಕಂಪ್ಯೂಟರು, ವೈರು, ಎಣ್ಣೆಯ ಪೈಪು, ಬಾಲದ ರೆಕ್ಕೆ ಎಲ್ಲವನ್ನೂ ಇರಬೇಕಾದ ದೂರದಲ್ಲೇ ಕಬ್ಬಿಣದ ಚೌಕಟ್ಟಿಗೆ ಕೂಡಿಸಿಟ್ಟಿದ್ದಾರೆ. ಲೋಕವೆಲ್ಲ ಅದಕ್ಕೆ ‘ಐರನ್ ಬರ್ಡ್’ ಅನ್ನುತ್ತದೆ. ಮೇಡಂ ಪಾಲಿಗೆ ಅದು ಕೋಳಿ. “ಹಾರಲ್ಲ ಕಣಮ್ಮ, ಬರೀ ಪುಕ್ಕ ಆಡ್ಸತ್ತೆ,” ಅನ್ನುತ್ತಿದ್ದರು. ಕೋಳಿಯ ಹತ್ತಿರ ಹೋಗಿ ಬರುತ್ತೇನೆ ಅಂದರೆ ಇನ್ನು ಮಧ್ಯಾಹ್ನದವರೆಗೆ ಸಿಗುವುದಿಲ್ಲ ಎಂದರ್ಥ.

ನಮ್ಮ ಕೆಲಸವೇನೆಂದು ಸ್ವಲ್ಪ ಹೇಳಬೇಕು. ಹಿಂದೆ ಪೈಲಟ್ ಹಿಡಿಯುವ ಕೋಲಿನಿಂದ ಬಾಲದ ರೆಕ್ಕೆಯವರೆಗೆ ಉಕ್ಕಿನ ಹಗ್ಗ ಇರುತ್ತಿತ್ತು. ಈಗ ನಡುವೆ ಕಂಪ್ಯೂಟರ್ ಬಂದಿದೆ. ಪೈಲಟ್ ಕೋಲು ಎಳೆದರೆ ಅದು ಕಂಪ್ಯೂಟರಿಗೆ ಹಾಕಿದ ಅರ್ಜಿ ಅಷ್ಟೆ. ರೆಕ್ಕೆ ಎಷ್ಟು ತಿರುಗಬೇಕೆಂದು ಅದು ಲೆಕ್ಕ ಹಾಕಿ ತಿರುಗಿಸುತ್ತದೆ. ಹಾಗೆ ಲೆಕ್ಕ ಹಾಕುವ ಸಾಫ್ಟ್‌ವೇರ್ ನಂಬಬಹುದಾದದ್ದೆಂದು ವಿಮಾನ ಸುರಕ್ಷತೆಯ ಅಧಿಕಾರಿಗಳಿಗೆ ಸಾಬೀತು ಮಾಡಿದ ಮೇಲೆಯೇ ಸರ್ಟಿಫಿಕೇಟು. ಅದಕ್ಕೊಂದು ಕ್ರಮವಿದೆ. ಸಾಫ್ಟ್‌ವೇರ್ ಏನೇನು ಮಾಡತಕ್ಕದ್ದು ಎಂದು ಒಂದು ಗುಂಪು ಬರೆಯುತ್ತದೆ. ಅದನ್ನು ಓದಿ ಇನ್ನೊಂದು ಗುಂಪು ಕೋಡ್ ಬರೆಯುತ್ತದೆ. ಮೂರನೆಯವರು ನಾವು, ಟೆಸ್ಟ್ ಬರೆಯುವವರು. ನಾವೂ ಆ ಮೊದಲ ಗುಂಪಿನ ಬರಹವನ್ನೇ ಓದಿ, ಬರಬೇಕಾದ ಉತ್ತರ ಇಂಥದ್ದು ಎಂದು ಬರೆದಿಡಬೇಕು. ಕೋಡಿನ ಕಡೆ ಕಣ್ಣು ಹಾಯಿಸಬಾರದು.

“ಹುಡುಗನ ಉತ್ತರಪತ್ರಿಕೆ ನೋಡ್ಕೊಂಡು ಮೇಷ್ಟ್ರು ಸರಿ ಉತ್ತರ ಬರೆದ್ರೆ ಯಾವ ಹುಡುಗ ಫೇಲ್ ಆಗ್ತಾನೆ ಹೇಳು?” ಎಂದು ಮೇಡಂ ನನ್ನನ್ನು ಕೇಳಿದ್ದರು. ಹಾಗೆ ಬರೆದ ಟೆಸ್ಟಿಗೆ ಅವರು ಇಟ್ಟ ಹೆಸರೇ ಮುಸುರೆ. ಕೋಡ್ ಮುಟ್ಟಿದ ಕೈ ಮುಸುರೆ ಕೈ. ಇದನ್ನು ಅವರು ಪಾಲಿಸುತ್ತಿದ್ದ ರೀತಿ ನೋಡಿದರೆ ನಮ್ಮಜ್ಜಿಯ ಮಡಿ ಏನೇನೂ ಅಲ್ಲ. ಕೋಡ್ ಬರೆಯುವವರ ಸಾಲಿನ ನಡುವೆ ಹೋಗಬೇಕಾದರೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡೇ ಹೋಗುತ್ತಿದ್ದರು. ಕೈಯಲ್ಲಿ ಯಾವುದಾದರೂ ಹಳೆಯ ಮದುವೆಯ ಕರೆಯೋಲೆ ಇರುತ್ತಿತ್ತು, ಪಕ್ಕದ ಸ್ಕ್ರೀನ್ ಕಾಣದಂತೆ ಕೆನ್ನೆಗೆ ಅಡ್ಡ ಹಿಡಿಯಲು. ಆ ಹುಡುಗರ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. ಊಟದ ಮಾತಿನಲ್ಲಿ ಕೋಡು ಬಂದುಬಿಡುತ್ತದಂತೆ. “ಮಡಿ ಮೇಡಂ ಬಂದ್ರು, ದಾರಿ ಬಿಡ್ರೋ,” ಎಂದು ಅವರು ಕೂಗುತ್ತಿದ್ದರು. “ಬಿಡ್ರಪ್ಪ ಬಿಡಿ, ಮೈಲಿಗೆ ಮಾಡ್ಬೇಡಿ,” ಎಂದು ಇವರೂ ನಗುತ್ತಲೇ ಹೋಗುತ್ತಿದ್ದರು.

ಮಡಿ, ಮುಸುರೆ ಎಂಬ ಮಾತು ಕೇಳಿ ನಾನು ಅವರನ್ನು ನಮ್ಮವರೇ ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತ ಹಾಗೇ ಕೇಳಿಯೂ ಬಿಟ್ಟೆ. ಕೇಳಬಾರದಿತ್ತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

“ನಮ್ಮಮ್ಮ ಫ್ಯಾಕ್ಟ್ರಿ ಕ್ವಾರ್ಟರ್ಸ್‌ನಲ್ಲಿ ಮುಸುರೆ ತಿಕ್ತಿದ್ಲು ಕಣಮ್ಮ. ಹಿತ್ಲಲ್ಲೇ ಕೂತು ತಿಕ್ಬೇಕು, ಒಳಗೆ ಹೋಗೋ ಹಾಗಿಲ್ಲ. ಒಂದಿನ ಆ ಮನೆಯವರು ಉಪ್ಪಿನಕಾಯಿ ಜಾಡಿನ ಹಿತ್ಲ ಕಟ್ಟೆ ಮೇಲೆ ಬಿಸ್ಲಿಗೆ ಇಟ್ಟಿದ್ರು. ಅಮ್ಮ ಮುಟ್ಬಿಟ್ಲು ಅಂತ ಅವ್ರಿಗೆ ಅನುಮಾನ. ಇಲ್ಲ ಅಮ್ಮಾವ್ರೇ, ಮುಟ್ಟಿಲ್ಲ ಅಂದ್ರೂ ಕೇಳ್ಲಿಲ್ಲ. ಜಾಡಿಗೆ ಜಾಡಿನೇ ನಮ್ಮನೆಗೆ ಬಂತು. ವರ್ಷಪೂರ್ತಿ ತಿಂದ್ವಿ,” ಎಂದು ನಕ್ಕರು. ಡಬ್ಬಿಯಿಂದ ಒಂದು ತುತ್ತು ತಿಂದು, “ಅವ್ರ ಮಡಿಗೆ ನಾವ್ ಆಗ್ಲಿಲ್ಲ. ಅದಕ್ಕೇ ನಾನೇ ಒಂದ್ ಮಡಿ ಮಾಡ್ಕೊಂಡೆ. ಇದ್ರಲ್ಲಿ ಜಾತಿ ಗೀತಿ ಇಲ್ಲ. ಕೋಡ್ ನೋಡಿದೋರು ಆಚೆ, ನೋಡ್ದೇ ಇರೋರು ಒಳಗೆ,” ಅಂದರು.

ನಾನೂ ನಕ್ಕೆ. ನಗದೆ ಏನು ಮಾಡಲಿ? ನಾನು ಬೆಳೆದದ್ದೂ ಕ್ವಾರ್ಟರ್ಸಿನಲ್ಲೇ. ನಮ್ಮ ಹಿತ್ತಲಿಗೂ ಒಬ್ಬರು ಬರುತ್ತಿದ್ದರು. ಅವರು ಪಾತ್ರೆ ತಿಕ್ಕಿ ಕವುಚಿಟ್ಟು ದೂರ ಸರಿದ ಮೇಲೆ ಅಜ್ಜಿ ನನ್ನ ಕೈಗೆ ಚೊಂಬು ಕೊಟ್ಟು, ಪಾತ್ರೆಗಳ ಮೇಲೆ ನೀರು ಹುಯ್ದು ಒಳಗೆ ತಾ ಅನ್ನುತ್ತಿದ್ದರು. ಹುಯ್ಯುತ್ತಿದ್ದೆ, ಅದು ನನಗೆ ಆಟ. ಆಕೆಯ ಮುಖ ನೆನಪಿದೆ, ಹೆಸರು ನೆನಪಿಲ್ಲ. ಅವತ್ತು ಮೇಡಂ ಮುಂದೆ ತಲೆ ತಗ್ಗಿಸಿಕೊಂಡು ಊಟ ಮುಗಿಸಿದೆ.

ಆ ತಾಯಿಯ ಲಗ್ಗೆರೆಯ ಮನೆಯಿಂದ ಅವರು ಡಿಪ್ಲೊಮಾ ಮಾಡಿದ್ದು, ಸಂಜೆ ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸಿದ್ದು, ಸರ್ಕಾರಿ ಕೆಲಸ ಬಿಟ್ಟು ಇಲ್ಲಿಗೆ ಬಂದದ್ದು ಎಲ್ಲ ಆಮೇಲೆ ಅಷ್ಟಿಷ್ಟು ತಿಳಿಯಿತು. ಅದರ ಬಗ್ಗೆ ಅವರು ಹೆಚ್ಚು ಹೇಳುತ್ತಿರಲಿಲ್ಲ. ಒಂದು ಆಸೆಯನ್ನು ಮಾತ್ರ ಮುಚ್ಚಿಟ್ಟಿರಲಿಲ್ಲ. ನಾನು ಸೇರಿದ ವರ್ಷ ಒಂದು ಸಣ್ಣ ವಿಮಾನದ ಕೆಲಸ ಮುಗಿಯುತ್ತ ಬಂದಿತ್ತು, ಅವರ ನಿವೃತ್ತಿಯೂ ಹತ್ತಿರವಿತ್ತು. ಟೆಸ್ಟ್ ವರದಿಯ ಮೊದಲ ಪುಟದಲ್ಲಿ ‘ಪರಿಶೀಲಿಸಿದವರು’ ಎಂಬಲ್ಲಿ ಸಹಿ ಹಾಕಿ ಮನೆಗೆ ಹೋಗಬೇಕು, ಅಷ್ಟೆ. ಅದಕ್ಕೆ ಮೊದಲು ಅವರು ಸಹಿ ಹಾಕಿದ ಕೆಲಸಗಳೆಲ್ಲ ಯಾವ ಯಾವುದೋ ಕಾರಣಕ್ಕೆ ಅರ್ಧಕ್ಕೆ ನಿಂತುಹೋಗಿದ್ದವು. “ನಮ್ಮಮ್ಮ ಹೆಬ್ಬೆಟ್ಟು. ನಾನ್ ಸಹಿ ಹಾಕಿದ್ದು ಆಕಾಶದಲ್ಲಿ ಹಾರತ್ತೆ ನೋಡು,” ಎಂದು ಹೇಳುವಾಗ ಅವರ ದನಿ ಸ್ವಲ್ಪ ಬದಲಾಗುತ್ತಿತ್ತು.

ಅಧಿಕಾರಿಗಳು ಬರುವ ಮೊದಲು ನಾವೇ ಒಮ್ಮೆ ಎಲ್ಲ ನಡೆಸಿ ನೋಡೋಣವೆಂದು ಕೋಳಿಯ ಮುಂದೆ ಸೇರಿದ್ದೆವು. ಗಾಳಿಯಲ್ಲಿ ವಿಮಾನದ ವೇಗ ತಿಳಿಸುವ ಸೆನ್ಸರ್ ಕೆಟ್ಟರೆ ಏನಾಗುತ್ತದೆಂದು ನೋಡಲು ಟೆಕ್ನಿಷಿಯನ್ ಅದರ ವೈರ್ ಕಿತ್ತರು. ಬಾಲದ ರೆಕ್ಕೆ ಧಡ್ ಎಂದು ಒಂದೇ ಏಟಿಗೆ ತಿರುಗಿ ನಿಂತಿತು. ಚೌಕಟ್ಟೆಲ್ಲ ಅದುರಿತು. ವಿಮಾನದ ವಿನ್ಯಾಸ ಮಾಡಿದವರು ಹೌಹಾರಿದರು. ಅದು ಮೆಲ್ಲಗೆ ಬಂದು ನಿಲ್ಲಬೇಕಿತ್ತಂತೆ. ನೆಲದ ಹತ್ತಿರ ಹಾರುವಾಗ ಹೀಗೆ ಜಗ್ಗಿದರೆ ಪೈಲಟ್ ಸುಧಾರಿಸಿಕೊಳ್ಳುವಷ್ಟು ಎತ್ತರವೇ ಇರುವುದಿಲ್ಲ. ನಮ್ಮ ಕಾಗದದಲ್ಲಿ ಆ ಟೆಸ್ಟ್ ಪಾಸಾಗಿತ್ತು, ಬರೆದವರು ಮೇಡಂ. ಮೇಡಂ ಬರೆದದ್ದು ತಪ್ಪಿರಲು ಸಾಧ್ಯವೇ ಇಲ್ಲವೆಂದು ಎಲ್ಲರೂ ಸೇರಿ ವೈರನ್ನು ಬೈದರು. ಕನೆಕ್ಟರ್ ಹಳೆಯದು, ಲೂಸಾಗಿದೆ, ಬದಲಾಯಿಸಿ ನೋಡೋಣ ಎಂದು ತೀರ್ಮಾನವಾಯಿತು.

ಮಾರನೆಯ ಬೆಳಗ್ಗೆ ಮೀಟಿಂಗ್ ಶುರುವಾಗುವಾಗ ಮೇಡಂ ಎದ್ದು ನಿಂತರು. “ವೈರ್ ಅಲ್ಲ ಸಾರ್. ನಾನು,” ಅಂದರು.

ಸೆನ್ಸರ್ ಕೆಟ್ಟಾಗ ರೆಕ್ಕೆ ಸುರಕ್ಷಿತ ಸ್ಥಾನಕ್ಕೆ ಬರತಕ್ಕದ್ದು ಎಂದಷ್ಟೇ ಆ ಮೊದಲ ಬರಹದಲ್ಲಿತ್ತು. ಒಮ್ಮೆಗೇ ಬರಬೇಕೋ ಮೆಲ್ಲಗೆ ಬರಬೇಕೋ ಇರಲಿಲ್ಲ. ಇಂಥ ಕಡೆ ಬರೆದವರಿಗೆ ಪ್ರಶ್ನೆ ಕಳಿಸಿ ಉತ್ತರಕ್ಕೆ ಕಾಯಬೇಕು. ಮೇಡಂ ಕಳಿಸಿದ್ದರು, ಉತ್ತರ ಬರಲಿಲ್ಲ, ಗಡುವು ಹತ್ತಿರ ಬಂತು. ಒಂದು ಸಂಜೆ ಕೋಡ್ ಬರೆಯುವ ಹುಡುಗ ಟೀಗೆ ಹೋಗಿದ್ದಾಗ ಅವನ ಸ್ಕ್ರೀನಿನಲ್ಲಿ ಅದೇ ಫೈಲ್ ತೆರೆದಿತ್ತು. ಕರೆಯೋಲೆ ಕೈಯಲ್ಲೇ ಇತ್ತು, ಕೆನ್ನೆಗೆ ಅಡ್ಡ ಹಿಡಿಯಲಿಲ್ಲ. ಕೋಡಿನಲ್ಲಿ ‘ಒಮ್ಮೆಗೇ’ ಎಂದಿತ್ತು; ಇವರೂ ಒಮ್ಮೆಗೇ ಎಂದು ಬರೆದರು. ಕೋಡ್ ಬರೆದವನು ತಪ್ಪು ತಿಳಿದಿದ್ದ, ಇವರು ಅವನ ತಪ್ಪಿಗೆ ಸರಿಯೆಂದು ಗುರುತು ಹಾಕಿದ್ದರು. ಇಷ್ಟನ್ನೂ ಹೇಳಿ, “ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಅದು ನಾನೇ,” ಅಂದರು. ನಗುತ್ತೇವೆಂದು ಅವರು ಅಂದುಕೊಂಡಿದ್ದರೋ ಏನೋ. ಯಾರೂ ನಗಲಿಲ್ಲ.

ನಮ್ಮ ಮ್ಯಾನೇಜರ್ ಒಳ್ಳೆಯ ಮನುಷ್ಯ. “ಇರ್ಲಿ ಬಿಡಿ ಮೇಡಂ, ಒಂದ್ ಟೆಸ್ಟ್ ತಾನೇ? ತಿದ್ದಿ ಹಾಕೋಣ. ಡೇಟ್ ಹಾಗೇ ಇರ್ಲಿ,” ಅಂದರು.

“ಉಪ್ಪಿನಕಾಯಿ ಜಾಡಿಗೆ ಮುಸುರೆ ಕೈ ಹಾಕಿದ್ಮೇಲೆ ಯಾವ ಹೋಳು ಮುಟ್ದೆ ಅಂತ ಕೇಳ್ತಾರಾ ಸಾರ್? ಆ ಫೈಲಲ್ಲಿ ಮೇಲೆ ಕೆಳಗೆ ಇದ್ದಿದ್ದೂ ಕಣ್ಣಿಗೆ ಬಿದ್ದಿದೆ. ಅವತ್ತಿಂದ ಈಚೆಗೆ ನಾನ್ ಬರ್ದಿದ್ದೆಲ್ಲಾ ತೆಗ್ದಾಕಿ. ಬೇರೆಯೋರು ಹೊಸದಾಗಿ ಬರೀಲಿ. ನನ್ ಹೆಸ್ರೂ ಎಲ್ಲೂ ಬೇಡ.”

ಅಂದರೆ ಗಡುವು ಮುಂದಕ್ಕೆ ಹೋಗುತ್ತದೆ, ಅಷ್ಟರಲ್ಲಿ ಅವರು ನಿವೃತ್ತರಾಗಿರುತ್ತಾರೆ. ಆ ಸಹಿ ಇನ್ನಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಅರ್ಥವಾಯಿತು. ಮೇಡಂ ನಮ್ಮ ಗುಂಪಿನ ಕಡೆ ತಿರುಗಿ, “ಕೋಡ್ ನೋಡ್ದೇ ಇರೋರು ಯಾರಿದೀರಿ? ಅವ್ರೇ ಬರೀಬೇಕು. ಕೈ ಎತ್ತಿ,” ಅಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ಕೆಲಸ ಹಂಚುವ ದನಿಯಷ್ಟೆ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಯಿತು. ಒಬ್ಬರು ಕನ್ನಡಕ ಒರೆಸಿದರು, ಇನ್ನೊಬ್ಬರು ಫೋನ್ ಮಗುಚಿಟ್ಟರು. ವರ್ಷಗಳಿಂದ ಅವರ ಕೈಕೆಳಗಿದ್ದವರು, ಮುಸುರೆ ಮುಸುರೆ ಎಂದು ಜಪಿಸುತ್ತಿದ್ದವರು, ಒಬ್ಬರ ಕೈಯೂ ಮೇಲೇಳಲಿಲ್ಲ. ಮೇಡಂ ಒಬ್ಬೊಬ್ಬರನ್ನೇ ನೋಡುತ್ತ ಹೋದರು. ಅವರ ಮುಖ ಕೆಂಪಾಯಿತು. ಅದು ಕೋಪವಲ್ಲ, ನಮ್ಮೆಲ್ಲರ ನಾಚಿಕೆಯೂ ಅವರಿಗೇ ಆಗುತ್ತಿತ್ತು.

ಆಗ ನಾನು ಕೈ ಎತ್ತಿದೆ. ಸುಳ್ಳಲ್ಲ, ನಾನು ಕೋಡ್ ನೋಡಿರಲಿಲ್ಲ. ಹೊಸಬಳಾದ ನನಗೆ ಅದರ ಪಾಸ್‌ವರ್ಡೇ ಇನ್ನೂ ಕೊಟ್ಟಿರಲಿಲ್ಲ, ಕೇಳಿದ ಅರ್ಜಿ ಯಾರದೋ ಮೇಜಿನ ಮೇಲಿತ್ತು. ನನ್ನ ಕೈ ಶುದ್ಧವಾಗಿದ್ದದ್ದು ಇಷ್ಟಕ್ಕೇ. ಆದರೂ ಅಷ್ಟು ಜನರ ನಡುವೆ ಒಬ್ಬಳೇ ಕೈ ಎತ್ತಿದಾಗ ನನಗೆ ಹೆಮ್ಮೆಯಾಯಿತು. ಈಗ ನೆನೆದರೆ ನಾಚಿ ಹಿಡಿಯಾಗುತ್ತೇನೆ.

ನನಗೊಂದು ಬೇರೆ ಕೋಣೆ ಕೊಟ್ಟರು. ಮೇಡಂ ದಿನಾ ಮಧ್ಯಾಹ್ನ ಟೀ ತರುತ್ತಿದ್ದರು. ಬಾಗಿಲಾಚೆಯೇ ನಿಂತು ಲೋಟವನ್ನು ಅಲ್ಲಿದ್ದ ಸ್ಟೂಲಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. “ಒಳಗೆ ಬನ್ನಿ ಮೇಡಂ,” ಅಂದರೆ, “ಬೇಡಮ್ಮ. ನಾನ್ ನೋಡಿದ್ದು ಮಾತಲ್ಲಿ ಬಂದ್ಬಿಡತ್ತೆ,” ಅನ್ನುತ್ತಿದ್ದರು. ಅವರು ಸರಿದ ಮೇಲೆ ನಾನು ಹೋಗಿ ಲೋಟ ತೆಗೆದುಕೊಳ್ಳಬೇಕು. ಮೊದಲ ದಿನವೇ ನನಗೆ ನಮ್ಮ ಹಿತ್ತಲು ನೆನಪಾಯಿತು, ಚೊಂಬು ನೆನಪಾಯಿತು. ಹೊರಗೆ ಹೋಗಿ ಅವರ ಪಕ್ಕ ಕೂತು ಟೀ ಕುಡಿಯಬಹುದಿತ್ತು, ಹವಾಮಾನದ ಮಾತಾಡಬಹುದಿತ್ತು. ನನ್ನ ಕೆಲಸಕ್ಕೆ ಎಲ್ಲಿ ಮೈಲಿಗೆಯಾಗುವುದೋ ಎಂದು ನನಗೂ ಒಳಗೊಳಗೇ ಹೆದರಿಕೆ. ಕೋಡ್ ಬರೆಯುವ ಹುಡುಗರು ಮಡಿ ಮೇಡಂ ಎಂದು ಕೂಗುವುದನ್ನು ಬಿಟ್ಟಿದ್ದರು. ಒಬ್ಬ ಅಭ್ಯಾಸಬಲದಿಂದ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದಾಗ ಮೇಡಂ, “ಇನ್ನೆಲ್ಲಿ ಮಡಿ ಬಿಡಪ್ಪ,” ಎಂದು ನೆಟ್ಟಗೆ ಎದುರು ನೋಡಿಕೊಂಡೇ ನಡೆದುಹೋದರು. ಅವರ ಕೈಯಲ್ಲಿ ಕರೆಯೋಲೆ ಇರಲಿಲ್ಲ.

ನಾನೂ ‘ಸುರಕ್ಷಿತ ಸ್ಥಾನ’ದ ಆ ವಾಕ್ಯಕ್ಕೆ ಬಂದು ನಿಂತೆ. ಉತ್ತರ ಗೊತ್ತಿದ್ದರೂ ಬಾಯಿಮಾತಿನದು ಲೆಕ್ಕಕ್ಕಿಲ್ಲವೆಂದು ಪ್ರಶ್ನೆ ಬರೆದು ಕಳಿಸಿದೆ, ಕಾದೆ. ಈ ಸಲ ಎಲ್ಲರಿಗೂ ಬಿಸಿ ಮುಟ್ಟಿದ್ದರಿಂದ ಬೇಗ ಬಂತು: ಮೆಲ್ಲಗೆ. ನನ್ನ ಟೆಸ್ಟಿನಲ್ಲಿ ಕೋಡ್ ಫೇಲಾಯಿತು. ಅವರು ಪಾಸ್ ಎಂದು ಬರೆದಿದ್ದ ಅದೇ ಸಾಲಿನಲ್ಲಿ ನಾನು ಫೇಲ್ ಎಂದು ಬರೆದೆ. ಬಾಗಿಲ ಬಳಿ ನಿಂತಿದ್ದ ಅವರಿಗೆ ಹೇಳಿದಾಗ, “ಒಳ್ಳೇದಾಯ್ತು. ಹಾಗೇ ಆಗ್ಬೇಕು,” ಅಂದರು. ಹೊರಟವರು ನಿಂತರು.

“ನಾಚಿಕೆ ಆಗತ್ತೆ ಕಣಮ್ಮ. ನಮ್ಮಮ್ಮ ಮುಟ್ಟಿರ್ಲಿಲ್ಲ. ಸಾಯೋವರ್ಗೂ ಹೇಳ್ತಿದ್ಲು, ನಾನ್ ಮುಟ್ಟಿರ್ಲಿಲ್ಲ ಅಂತ. ನಾನು ಮುಟ್ದೆ.”

ಲೋಟ ಹಿಡಿದುಕೊಂಡು ನಿಂತಿದ್ದೆ. ಅವರು ಬಾಗಿಲನ್ನು ಆಚೆಯಿಂದ ತಾವೇ ಎಳೆದುಕೊಂಡು ಹೋದರು.

ಬೀಳ್ಕೊಡುಗೆ ಬೇಡ ಅಂದರು, ನಾವೂ ಬಲವಂತ ಮಾಡಲಿಲ್ಲ. ಅವರ ಎದುರು ನಿಂತು ಭಾಷಣ ಮಾಡುವ ಮುಖ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಕೊನೆಯ ದಿನ ಸೇಫ್ಟಿ ಶೂ ಸ್ಟೋರಿಗೆ ವಾಪಸ್ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಕ್ಯಾಬ್ ಹತ್ತಿದರು.

ಮುಂದಿನ ವರ್ಷ ಸರ್ಟಿಫಿಕೇಟ್ ಬಂತು. ವರದಿಯ ಮೊದಲ ಪುಟದಲ್ಲಿ ನನ್ನ ಸಹಿ. ಮೈಸೂರ್ ಪಾಕ್ ಕಟ್ಟಿಸಿಕೊಂಡು ಲಗ್ಗೆರೆಗೆ ಹೋದೆ. ಮೆಟ್ರೊ ಇಳಿದು ಆಟೊ ಹಿಡಿದು, ಲೇತ್ ಅಂಗಡಿಗಳ ಸದ್ದಿನ ನಡುವೆ ಮೇಡಂ ಮನೆ ಹುಡುಕಿದೆ. ಅಷ್ಟರಲ್ಲಿ, ಕೈ ಶುದ್ಧವಿದ್ದವಳೆಂಬ ಹೆಸರಿನಿಂದಲೇ, ನಾನು ಅವರ ಕುರ್ಚಿಯಲ್ಲಿ ಕೂರುತ್ತಿದ್ದೆ, ಹೊಸ ವಿಮಾನವೊಂದರ ಕೆಲಸ ನಡೆಯುತ್ತಿತ್ತು, ಎಲ್ಲದರ ಪಾಸ್‌ವರ್ಡೂ ನನಗೆ ಬಂದಿತ್ತು. ಆ ವಾರವೇ ಒಂದು ವಾಕ್ಯ ಅರ್ಥವಾಗದೆ ಪ್ರಶ್ನೆ ಕಳಿಸಿದ್ದೆ. ಉತ್ತರ ಬಂದಿರಲಿಲ್ಲ. ಗಡುವಿತ್ತು. ಕೋಡ್ ತೆರೆದು ನೋಡಿದ್ದೆ. ನನ್ನ ಮೀಟಿಂಗಿನಲ್ಲಿ ನಾನು ಎದ್ದು ನಿಂತಿರಲಿಲ್ಲ.

ಮೇಡಂ ಅಡುಗೆಮನೆಯ ಹಿಂದಿನ ಕಿರಿದಾದ ಜಾಗದಲ್ಲಿ ಮಣೆ ಹಾಕಿಕೊಂಡು ಪಾತ್ರೆ ತಿಕ್ಕುತ್ತಿದ್ದರು. ಬಹಳ ಇಳಿದುಹೋಗಿದ್ದರು. “ಬಂತಾ?” ಅಂದರು. ಬಂತು ಮೇಡಂ ಅಂದೆ. “ನಿನ್ ಸಹಿ ತಾನೇ?” ಹೌದು ಅಂದೆ. ಅವರ ಮುಖ ಅರಳಿತು, ನಿಜವಾಗಿಯೂ ಅರಳಿತು, ಒಂದು ಚೂರೂ ಕಹಿಯಿರಲಿಲ್ಲ. “ನಾನ್ ಹೇಳ್ಕೊಟ್ಟೋಳದ್ದಾದ್ರೂ ಹಾರ್ತಲ್ಲ,” ಅಂದರು. ಹೇಳಿಬಿಡಬೇಕೆಂದು ಬಾಯಿ ತೆರೆದೆ, ಹೇಳಲಿಲ್ಲ.

“ಊಟ ಮಾಡ್ಕೊಂಡೇ ಹೋಗ್ಬೇಕು. ಅನ್ನ ಸಾರು ಅಲ್ಲೇ ಇದೆ, ಬಡಿಸ್ಕೋ. ಉಪ್ಪಿನಕಾಯಿ ಜಾಡಿ ಮೇಲಿನ ಹಲಗೆ ಮೇಲಿದೆ, ನೀನೇ ತೆಗ್ದುಕೋ. ನನ್ ಕೈ ಮುಸುರೆ,” ಎಂದು ಬೂದಿ ಹತ್ತಿದ ಕೈಗಳನ್ನು ತೋರಿಸಿದರು. ಜಾಡಿಯ ಕಡೆ ಕೈ ಚಾಚಿದೆ. “ನಿನ್ ಕೈ ಶುದ್ಧ ಇದೆ ತಾನೇ?” ಅಂದರು. ಮೆಟ್ರೊ, ಆಟೊ ಎಲ್ಲ ಹಿಡಿದು ಬಂದವಳನ್ನು ಯಾರಾದರೂ ಕೇಳುವ ಮಾತು.

“ಇಲ್ಲ ಮೇಡಂ,” ಅಂದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಕೈ ತೊಳೆದೆ. ಸೋಪು ಹಚ್ಚಿ ಮತ್ತೆ ತೊಳೆದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು, ಆಚೆ ಹೋಗಲು ಆಗಲಿಲ್ಲ. ನಲ್ಲಿ ನಿಲ್ಲಿಸದೆ ಅಲ್ಲೇ ನಿಂತಿದ್ದೆ.

“ಸಾಕು ಬಾಮ್ಮ,” ಎಂದು ಮೇಡಂ ಕೂಗಿದರು, “ಟ್ಯಾಂಕಲ್ಲಿ ನೀರು ಖಾಲಿ ಆಗತ್ತೆ.”